ಬ್ಯಾರನ್ನಿನ ಕ್ಯಾಪ್ಟನ್

ಮನುಷ್ಯ ತಪ್ಪು ಮಾಡುವುದು ತಿಳಿವಳಿಕೆ ಇಲ್ಲದೆ ಅಲ್ಲ, ಗಮನ ಇಲ್ಲದೆ. ಎಷ್ಟೇ ನುರಿತ ಕೈಯಾದರೂ ಮನಸ್ಸು ಬೇರೆಡೆ ಹೋದ ಒಂದು ಗಳಿಗೆಯಲ್ಲಿ ಅನರ್ಥ ಮಾಡಿಬಿಡುತ್ತದೆ. ಈ ಗಂಭೀರ ಸತ್ಯವನ್ನು ನಾನು ಬಹಳ ವರ್ಷ ವಿಮಾನದ ಪೈಲಟ್‌ಗಳಿಗೆ ಬೋಧಿಸಿದೆ. ಬೋಧಿಸಿದ ಮೊದಲ ದಿನ ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಹೋಗಿದ್ದೆ. ತರಗತಿಯಲ್ಲಿದ್ದ ಹದಿನಾಲ್ಕು ಜನರೂ ಅದನ್ನು ನೋಡಿದರು, ಒಬ್ಬರೂ ಹೇಳಲಿಲ್ಲ. ನೋಡಿದ್ದನ್ನು ಹೇಳದೆ ಇರುವುದು ನನ್ನ ಎರಡನೆಯ ಪಾಠದ ವಿಷಯವಾಗಿತ್ತು.

ನಾನು ವಿಮಾನ ಹಾರಿಸಿದವನಲ್ಲ. ಹಾರಿಸುವವರು ಎಲ್ಲೆಲ್ಲಿ ಎಡವುತ್ತಾರೆ ಎಂದು ನೆಲದ ಮೇಲೆ ಕೂತು ಹೇಳಿಕೊಡುವುದು ನನ್ನ ಉದ್ಯೋಗ. ತರಬೇತಿ ಕೇಂದ್ರದಲ್ಲಿ ಸಿಮ್ಯುಲೇಟರ್ ಎಂಬ ಸುಳ್ಳು ಕಾಕ್‌ಪಿಟ್ ಇತ್ತು. ಅದು ಅಲುಗಾಡುತ್ತಿತ್ತು, ಗುಡುಗುತ್ತಿತ್ತು, ಎಲ್ಲಿಗೂ ಹೋಗುತ್ತಿರಲಿಲ್ಲ. ಅಕ್ಕನ ಊರಿನಲ್ಲಿ ಈ ವಿವರ ಯಾರಿಗೂ ಬೇಕಿಲ್ಲ. ಅಲ್ಲಿ ನಾನು ಪೈಲಟ್ಟು. ತಿದ್ದಲು ಹೋದರೆ, ‘ಎಷ್ಟ್ ವಿನಯ ನೋಡ್ಲಾ, ದೊಡ್ಡ ಮನ್ಸ’ ಎಂದು ಇನ್ನೊಂದು ಮೆಟ್ಟಿಲು ಮೇಲೆ ಕೂರಿಸುತ್ತಾರೆ.

ಸಿಮ್ಯುಲೇಟರಿನಲ್ಲಿ ನನಗೆ ಬಲು ಇಷ್ಟವಾದ ಆಟ ಒಂದಿತ್ತು. ಎದುರಿನ ಹಲಗೆಯಲ್ಲಿ ಒಂದು ಪುಟ್ಟ ದೀಪ ಹತ್ತದಂತೆ ಮಾಡಿಬಿಡುವುದು. ಅಷ್ಟೇ. ಸಾವಿರಾರು ಗಂಟೆ ಹಾರಿದ ಕ್ಯಾಪ್ಟನ್ ಬಲ್ಬನ್ನು ಕಿತ್ತು ಕರವಸ್ತ್ರದಲ್ಲಿ ಉಜ್ಜುತ್ತಿದ್ದರು. ಕೋ-ಪೈಲಟ್ ಅದಕ್ಕೆ ಊದುತ್ತಿದ್ದ. ಬಲ್ಬು ಕೆಳಗೆ ಬಿದ್ದರೆ ಇಬ್ಬರೂ ಸೀಟಿನಡಿ ತಡಕುತ್ತಿದ್ದರು. ವಿಮಾನ ಮೆತ್ತಗೆ, ಯಾರಿಗೂ ತೊಂದರೆ ಕೊಡದೆ, ಭೂಮಿಯ ಕಡೆ ಇಳಿಯುತ್ತಿತ್ತು. ಸುಳ್ಳು ವಿಮಾನವಾದ್ದರಿಂದ ಯಾರೂ ಸಾಯುತ್ತಿರಲಿಲ್ಲ, ಕಾಫಿ ಮಾತ್ರ ಚೆಲ್ಲುತ್ತಿತ್ತು.

ಇದಕ್ಕಿಂತ ಸೊಗಸಾದದ್ದು ಮರ್ಯಾದೆಯ ಪ್ರಸಂಗ. ಒಮ್ಮೆ ಒಬ್ಬ ತರುಣ ಕೋ-ಪೈಲಟ್‌ಗೆ ಎದುರಿಗೆ ಗುಡ್ಡ ಬರುತ್ತಿರುವುದು ಕಂಡಿತು. ಪಕ್ಕದಲ್ಲಿ ಕೂತಿದ್ದವರು ಕಂಪನಿಗೇ ಹಿರಿಯರಾದ ಕ್ಯಾಪ್ಟನ್. ನೇರವಾಗಿ ಹೇಳುವುದು ಹೇಗೆ? ಆತ ಗಂಟಲು ಸರಿಮಾಡಿಕೊಂಡು, ‘ಸರ್, ಇವತ್ತು ಗುಡ್ಡ ಬಹಳ ಚೆನ್ನಾಗಿ ಕಾಣ್ತಿದೆ ಅಲ್ವಾ?’ ಅಂದ. ಕ್ಯಾಪ್ಟನ್ ನೋಡಿ, ‘ಹೌದು, ಒಳ್ಳೆ ಹಸುರಾಗಿದೆ’ ಅಂದರು. ಆಮೇಲೆ ಇಬ್ಬರೂ ಆ ಹಸುರಿನೊಳಕ್ಕೆ ಹೋದರು.

ಇದಕ್ಕೆಲ್ಲ ಮದ್ದಾಗಿ ನಾನು ಕಲಿಸುತ್ತಿದ್ದುದು ಕೆಲವೇ ಶಿಸ್ತು. ಏರುವಾಗ ಇಳಿಯುವಾಗ ಕೆಲಸಕ್ಕೆ ಬೇಡದ ಮಾತು ಬೇಡ. ಕಂಡದ್ದನ್ನು ಸುತ್ತಿ ಬಳಸದೆ ಹೇಳು. ವಿಮಾನ ಯಾರ ಕೈಯಲ್ಲಿದೆ ಎಂಬುದನ್ನು ಬಾಯಿಬಿಟ್ಟು ಹೇಳು. ಒಬ್ಬ ಪಟ್ಟಿ ಓದಲಿ, ಇನ್ನೊಬ್ಬ ನೋಡಿ ಉತ್ತರ ಕೊಡಲಿ. ನಿವೃತ್ತನಾದಾಗ ಈ ಶಿಸ್ತನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟೆನೆಂದು ಕಾಣುತ್ತದೆ.

ಅಕ್ಕನ ಮನೆ ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ದಾರಿಯಲ್ಲಿ. ನಾವು ಹುಟ್ಟಿದ್ದು ಮಿರ್ಲೆಯ ಹತ್ತಿರ, ನಾಲೆ ನೀರಿನ ಭತ್ತದವರು. ಅಕ್ಕ ಮದುವೆಯಾಗಿ ಹೊಗೆಸೊಪ್ಪಿನ ಸೀಮೆಗೆ ಬಂದವಳು. ಹೋದ ವರ್ಷ ಮಳೆಗಾಲದಲ್ಲಿ ನಾನು ಒಂದು ತಿಂಗಳು ಇದ್ದು ಬರೋಣವೆಂದು ಹೋದಾಗ ಅವರ ಮನೆಯಲ್ಲಿ ಒಂದು ಮೌನ ಯುದ್ಧ ನಡೆದಿತ್ತು. ಅತ್ತೆ ಸಾಯುವ ಮುಂಚೆ ಅಕ್ಕನ ಹೆಸರಿಗೆ ಬರೆದಿಟ್ಟ ಎರಡೆಕರೆ ಹೊಲವಿದೆ. ಅದಕ್ಕೆ ಭಾವ ಯಾವಾಗಲೂ ರಾಗಿಯನ್ನೇ ಹಾಕಿಸುತ್ತಿದ್ದರು. ಆ ವರ್ಷ ಅಕ್ಕ ಹಟ ಹಿಡಿದು ಹೊಗೆಸೊಪ್ಪು ನೆಟ್ಟಿದ್ದಳು. ಸಸಿ ಅವಳದು, ಗೊಬ್ಬರ ಅವಳದು, ಕುಡಿ ಮುರಿದದ್ದೂ ಅವಳೇ. ಈಗ ಆ ಹೊಲದ ಮೊದಲ ಬಿಡಿಸುವಿಕೆಯ ಎಲೆ ಬ್ಯಾರನ್ನಿಗೆ ಏರಬೇಕು. ಎಲೆ ಹಳದಿಯಾಗಿ ಇಳಿದರೆ ಹೊಲ ಇನ್ನು ಮುಂದೆ ಅವಳ ಮಾತಿನಂತೆ. ಕಪ್ಪಾಗಿ ಇಳಿದರೆ, ‘ನಾ ಯೋಳ್ನಿಲ್ವಾ’ ಎಂಬ ಮಾತು ಭಾವನ ನಾಲಿಗೆಯ ತುದಿಯಲ್ಲಿ ನಾಲ್ಕು ತಿಂಗಳಿಂದ ಕಾದು ಕೂತಿತ್ತು, ಹಿಂದೆಯೇ ರಾಗಿ.

ಬ್ಯಾರನ್ ಎಂದರೆ ಎರಡಾಳು ಎತ್ತರಕ್ಕೂ ಮಿಕ್ಕ ಒಂದು ಇಟ್ಟಿಗೆಯ ಕೋಣೆ. ಕೋಲಿಗೆ ಕಟ್ಟಿದ ಹಸಿ ಎಲೆಯನ್ನು ಅದರೊಳಗೆ ಅಂತಸ್ತು ಅಂತಸ್ತಾಗಿ ನೇತುಹಾಕಿ, ಹೊರಗಿನ ಒಲೆಯಲ್ಲಿ ಸೌದೆ ಉರಿಸಿ, ತಗಡಿನ ಕೊಳವೆಯಲ್ಲಿ ಬಿಸಿ ಹಾಯಿಸುತ್ತಾರೆ. ಮೊದಲೆರಡು ದಿನ ಫ್ಯಾರನ್‌ಹೀಟ್ ನೂರರ ಆಸುಪಾಸಿನ ಹದವಾದ ಬಿಸಿಯಲ್ಲಿ, ಎಲ್ಲ ಕಿಂಡಿ ಮುಚ್ಚಿ, ಎಲೆ ಹಳದಿಯಾಗಲು ಬಿಡಬೇಕು. ಆಮೇಲೆ ಕೆಳಗಿನ ಕಿಂಡಿ, ಮೇಲಿನ ಕಿಂಡಿ ಎರಡನ್ನೂ ತೆಗೆದು ಬಿಸಿಯನ್ನು ಒಂದೊಂದೇ ಡಿಗ್ರಿ ಏರಿಸಬೇಕು. ಕಿಂಡಿ ತೆಗೆಯದೆ ಬಿಸಿ ಏರಿಸಿದರೆ ಎಲೆಯ ನೀರು ಹೊರಗೆ ಹೋಗಲಾಗದೆ ಎಲೆ ಅಲ್ಲೇ ಬೇಯುತ್ತದೆ, ಕಪ್ಪಾಗುತ್ತದೆ. ಮೇಲಿನ ಕಿಂಡಿಗೆ ಒಂದು ಹಗ್ಗ ಇರುತ್ತದೆ. ಜಗ್ಗಿ ಗೋಡೆಯ ಗೂಟಕ್ಕೆ ಸುತ್ತಿದರೆ ಮುಚ್ಚಳ ಏಳುತ್ತದೆ, ಸಡಿಲ ಬಿಟ್ಟರೆ ಕೂರುತ್ತದೆ. ಬಾಗಿಲ ಪಕ್ಕದ ಗಾಜಿನ ತೂತಿನಿಂದ ಇಣುಕಿದರೆ ಒಳಗೆ ನೇತುಹಾಕಿದ ಥರ್ಮಾಮೀಟರ್ ಕಾಣುತ್ತದೆ. ಕೆಲವರಿಗೆ ಕಾಣುತ್ತದೆ.

ಹೊಲ ಯಾರದಾದರೂ ಬ್ಯಾರನ್ನಿಗೆ ಭಾವನೇ ಒಡೆಯ. ಅದರಲ್ಲಿ ಅಕ್ಕನಿಗೂ ತಕರಾರಿರಲಿಲ್ಲ. ತಕರಾರಿದ್ದುದು ಭಾವನ ಕಣ್ಣಿನ ಮೇಲೆ. ಎರಡು ವರ್ಷದಿಂದ ಪೊರೆ ಬೆಳೆಯುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹೇಳುವಂತಿಲ್ಲ. ಭಾವ ಗಾಜಿಗೆ ಮೂಗು ಒತ್ತಿ, ಬಹಳ ಹೊತ್ತು ಇಣುಕಿ, ‘ತೊಂಬತ್ತಾರು’ ಎನ್ನುತ್ತಿದ್ದರು. ಅದು ನಲವತ್ತು ವರ್ಷದ ಅನುಭವದಿಂದ ಹುಟ್ಟಿದ ಸಂಖ್ಯೆ. ಥರ್ಮಾಮೀಟರಿಗೂ ಅದಕ್ಕೂ ಸಂಬಂಧ ಇರಲೇಬೇಕೆಂದಿರಲಿಲ್ಲ.

ಹಾಗಾದರೆ ಇಷ್ಟು ದಿನ ಎಲೆ ಉಳಿದದ್ದು ಹೇಗೆ? ಕೋಳಿಯಿಂದ.

ಅಕ್ಕ ಗಂಡನನ್ನು ನೇರವಾಗಿ ಮಾತಾಡಿಸುವವಳಲ್ಲ. ಜಗಳವಲ್ಲ, ರೂಢಿ. ಅವರ ಅತ್ತೆಯೂ ಹಾಗೇ ಇದ್ದರಂತೆ. ಹೆಸರು ಹಿಡಿಯುವ ಮಾತಂತೂ ಇಲ್ಲ; ಹೇಳಬೇಕಾದುದನ್ನು ಹತ್ತಿರದಲ್ಲಿರುವ ಇನ್ನೊಂದು ಜೀವಕ್ಕೆ ಹೇಳುತ್ತಾಳೆ. ಬ್ಯಾರನ್ನಿನ ಸುತ್ತ ಯಾವಾಗಲೂ ಕೆದಕಿಕೊಂಡಿರುತ್ತಿದ್ದ ಒಂದು ಹೇಂಟೆಕೋಳಿಗೆ ಈ ಭಾಗ್ಯ ಒಲಿದಿತ್ತು.

‘ಕೋಳವ್ವಾ, ತೊಂಬತ್ತಾರಂತೆ ಕಣವ್ವಾ. ನನ್ ಕಣ್ಗೆ ನೂರಾಎರಡು ಕಂಡಂಗಾಯ್ತದೆ. ನಿಂಗೇನ್ ಕಂಡದು?’

ಕೋಳಿ ಏನೂ ಹೇಳುತ್ತಿರಲಿಲ್ಲ. ಭಾವ ಕೇಳಿಸಿಕೊಳ್ಳದವರಂತೆ ಬೀಡಿ ಎಸೆದು, ಆಕಾಶ ನೋಡಿ, ಆಮೇಲೆ ತಮ್ಮ ಸ್ವಂತ ಬುದ್ಧಿಗೆ ಹೊಳೆದವರಂತೆ ಒಲೆಯಿಂದ ಒಂದು ಕೊಳ್ಳಿ ಹೊರಗೆಳೆಯುತ್ತಿದ್ದರು.

ನಾನು ಹೋದ ಮೊದಲ ದಿನ, ಭಾವನ ಹೊಲದ ಎಲೆ ಬ್ಯಾರನ್ನಿನಲ್ಲಿದ್ದಾಗ, ಇದನ್ನು ನೋಡಿ ನನಗೆ ರೋಮಾಂಚನವಾಯಿತು. ಗುಡ್ಡ ಹಸುರಾಗಿದೆ ಎಂದ ಕ್ಯಾಪ್ಟನ್, ಗುಡ್ಡ ಚೆನ್ನಾಗಿದೆ ಎಂದ ಕೋ-ಪೈಲಟ್, ಇಬ್ಬರೂ ಹೊಗೆಸೊಪ್ಪಿನ ಹೊಲದಲ್ಲಿ! ಮಧ್ಯೆ ಒಂದು ಕೋಳಿ ಬೇರೆ! ಮನುಕುಲದ ಒಳಿತಿಗಾಗಿ ಇಲ್ಲಿ ಸುಧಾರಣೆ ಆಗಲೇಬೇಕೆಂದು ನಿಶ್ಚಯಿಸಿದೆ. ಯಾರೂ ಕೇಳಿರಲಿಲ್ಲ, ಮನುಕುಲ ಕೇಳುವುದೇ ಇಲ್ಲ.

ಅಕ್ಕನನ್ನು ಕರೆದು, ‘ನೋಡಕ್ಕಾ, ಇನ್ಮೇಲೆ ಕೋಳಿಗೆ ಹೇಳಂಗಿಲ್ಲ. ಭಾವನಿಗೇ ನೇರವಾಗಿ ಹೇಳ್ಬೇಕು’ ಎಂದೆ.

‘ಏನಂತ ಕರೀಲೋ? ಲೋ ಅನ್ಲಾ?’

‘ಕ್ಯಾಪ್ಟನ್ ಅನ್ನು.’

ಅಕ್ಕನಿಗೆ ಅರವತ್ತೆರಡು. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳೆಂದರೆ, ಸೊಪ್ಪು ಕಟ್ಟುತ್ತಿದ್ದ ಕೋಲು ಕೈಜಾರಿ ಬಿತ್ತು. ಆದರೆ ಅದು ಹೆಸರಲ್ಲ, ಹುದ್ದೆ. ಹುದ್ದೆ ಹಿಡಿದರೆ ದೋಷವಿಲ್ಲ. ಮೂರು ಸಲ ಪ್ರಯತ್ನಪಟ್ಟು, ಗೋಡೆ ಕಡೆ ತಿರುಗಿ, ಕಣ್ಣು ಮುಚ್ಚಿ, ‘ಕ್ಯಾಪ್ಟನ್ನೂ…’ ಅಂದಳು.

ಒಲೆಯ ಬಳಿ ಕೂತಿದ್ದ ಭಾವ ತಟ್ಟನೆ ಎದ್ದು ನಿಂತರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ‘ಏನು?’

‘ಏನಿಲ್ಲ. ಕರ್ದು ನೋಡ್ದೆ.’

ಆವತ್ತಿನಿಂದ ಆ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಊಟಕ್ಕೆ ಕರೆಯುವಾಗಲೂ ಕ್ಯಾಪ್ಟನ್. ಎಮ್ಮೆ ಹಗ್ಗ ಬಿಚ್ಚಿಕೊಂಡರೂ ಕ್ಯಾಪ್ಟನ್. ನಾನು ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಪಟ್ಟಿ ಬರೆದು ಬ್ಯಾರನ್ನಿನ ಬಾಗಿಲಿಗೆ ತೂಗುಹಾಕಿದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಅಕ್ಕ ಓದಬೇಕು, ಭಾವ ನೋಡಿ ಹೇಳಬೇಕು. ಅಕ್ಕನ ಎಲೆ ಬ್ಯಾರನ್ನಿಗೇರಿ ಒಲೆ ಹತ್ತಿದ ಮೇಲೆ ಎರಡು ದಿನ ಅಭ್ಯಾಸ ನಡೆಯಿತು. ಕೆಳಗಿನ ಕಿಂಡಿ? ತೆಗೆದಿದೆ! ಮೇಲಿನ ಕಿಂಡಿ? ತೆಗೆದಿದೆ! ಬಿಸಿ? ನೂರು! ಸೌದೆ? ಹಾಕಿದೆ! ಭಾವನಿಗೆ ರಟ್ಟು ಓದಲು ಕಣ್ಣು ಸಾಲದು ನಿಜ. ಆದರೆ ಎಂಥ ಜ್ಞಾಪಕಶಕ್ತಿ! ಸಂಜೆಯೊಳಗೆ ಬಲಗಡೆಯ ಉತ್ತರವೆಲ್ಲ ಬಾಯಿಪಾಠ. ಸ್ನಾನದ ಮನೆಯಿಂದಲೂ ‘ತೆಗೆದಿದೆ’ ಎಂದು ಕೇಳಿಬರುತ್ತಿತ್ತು. ನಾನು ಇದನ್ನು ನನ್ನ ಪದ್ಧತಿಯ ವಿಜಯವೆಂದು ಎಣಿಸಿದೆ.

ಮೂರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಎಲೆ ಚಿನ್ನದ ಹಳದಿಗೆ ಬಂತು. ಗಾಜಿನಿಂದ ಇಣುಕಿದ ಅಕ್ಕನ ಮುಖವೇ ಹೇಳುತ್ತಿತ್ತು. ಇನ್ನು ಕಿಂಡಿ ತೆಗೆದು ಬಿಸಿ ಏರಿಸುವ ಗಳಿಗೆ. ಭಾವ ಬಗ್ಗಿ ಕೆಳಗಿನ ಕಿಂಡಿಯ ಇಟ್ಟಿಗೆ ತೆಗೆದರು. ಎದ್ದು ಹಗ್ಗದ ಕಡೆ ಕೈ ಚಾಚುವಷ್ಟರಲ್ಲಿ ಪಕ್ಕದ ಹೊಲದವರು ಬಂದರು.

ಇವರು ಭಾವನ ಓರಗೆಯವರು, ಒಟ್ಟಿಗೆ ಶಾಲೆ ಬಿಟ್ಟವರು. ಅವರದೂ ಒಂದು ಬ್ಯಾರನ್ ಇದೆ. ಹೊಸ ಫೋನು ಕೊಂಡಿದ್ದರು.

‘ಏನ್ಲಾ, ಬ್ಯಾರನ್ನ ಹಾರಿಸ್ತೀಯಂತೆ? ಊರೆಲ್ಲ ಅದೇ ಮಾತು. ಪಿರಿಯಾಪಟ್ಟಣಕ್ಕೆ ಒಂದು ಟಿಕೀಟು ಕೊಡು, ಕಿಟಕಿ ಪಕ್ಕದ್ದು.’

‘ಕಿಂಡಿ ಪಕ್ಕ ನಿಂತ್ಕೋ ಓಗ್ಲಾ, ಬೆಂದೋಯ್ತೀಯ’ ಎಂದರು ಭಾವ, ಹಗ್ಗದಿಂದ ಈಚೆ ತಿರುಗಿ.

‘ಅದೇನೋ ಸವಾಲ್ ಜವಾಬು ಮಾಡ್ತೀರಂತಲ್ಲ ಗಂಡ ಎಂಡ್ತಿ, ಒಂಚೂರು ಮಾಡಿ. ವಿಡಿಯೋ ಹಿಡೀತೀನಿ. ನಮ್ಮ ಎಚ್.ಡಿ. ಕೋಟೆ ಬೀಗರಿಗೆ ಕಳಿಸ್ಬೇಕು.’

ಕೆಲಸಕ್ಕೆ ಬೇಡದ ಮಾತು ಬೇಡವೆಂಬ ನನ್ನ ಶಿಸ್ತು ಆಗ ನೆನಪಾಗಬೇಕಿತ್ತು. ನನಗೆ ನೆನಪಾದದ್ದು, ಬೆಳಕು ಎಡಗಡೆಯಿಂದ ಬಂದರೆ ರಟ್ಟಿನ ಮೇಲಿನ ಅಕ್ಷರ ಚೆನ್ನಾಗಿ ಬೀಳುತ್ತದೆ ಎಂಬುದು. ಎಲ್ಲರನ್ನೂ ಒಂದು ಮಾರು ಸರಿಸಿ ನಿಲ್ಲಿಸಿದೆ. ಭಾವ ಟವೆಲ್ಲನ್ನು ಪೇಟದಂತೆ ಸುತ್ತಿಕೊಂಡರು. ಅವರ ಬೆನ್ನ ಹಿಂದೆ ಗೋಡೆ, ಗೋಡೆಯ ಮೇಲೆ ಗೂಟ.

‘ಕೆಳಗಿನ ಕಿಂಡಿ?’ ಎಂದಳು ಅಕ್ಕ.

‘ತೆಗೆದಿದೆ!’

‘ಮೇಲಿನ ಕಿಂಡಿ?’

‘ತೆಗೆದಿದೆ!’

‘ಬಿಸಿ?’

‘ನೂರು!’

‘ಸೌದೆ?’

‘ಹಾಕಿದೆ!’ ಎಂದವರೇ ಭಾವ ಎರಡು ದಪ್ಪ ಸೌದೆ ಎತ್ತಿ ಒಲೆಯೊಳಕ್ಕೆ ತಳ್ಳಿದರು. ಬೇರೆ ಉತ್ತರಗಳು ಬಾಯಿಯಿಂದ ಬಂದವು. ಇದೊಂದು ಮಾತ್ರ ಕೈಯಿಂದಲೂ ಬಂತು.

ಅಕ್ಕ ಗೋಡೆಯ ಕಡೆ ನೋಡಿದಳು. ಹಗ್ಗ ಸಡಿಲವಾಗಿ ನೇತಾಡುತ್ತಿತ್ತು. ಗೂಟ ಬೋಳಾಗಿತ್ತು. ಹೊರಗಿನವರ ಎದುರಿಗೆ, ಅದೂ ಎಚ್.ಡಿ. ಕೋಟೆಯ ಬೀಗರು ನೋಡುವ ವಿಡಿಯೋದಲ್ಲಿ, ಗಂಡ ಹೇಳಿದ್ದು ತಪ್ಪೆನ್ನುವುದು ಹೇಗೆ? ಕಾಲ ಬುಡದಲ್ಲಿ ಕೋಳಿ ಇತ್ತು.

‘ಕೋಳವ್ವಾ,’ ಎಂದಳು ಮೆಲ್ಲಗೆ, ‘ಅಗ್ಗ ಯಾಕೋ ನೇತಾಡ್ತಾ ಅದೆ ಕಣವ್ವಾ…’

ಅಲ್ಲಿ ನಾನು ಬಾಯಿ ಹಾಕಿದೆ. ‘ಅಕ್ಕಾ! ಕೋಳಿ ಜೊತೆ ಮಾತಿಲ್ಲ ಅಂದಿದ್ದೆ. ಶಿಸ್ತು!’

‘ಕಟ್, ಕಟ್’ ಎಂದರು ಪಕ್ಕದ ಹೊಲದವರು. ‘ಕೋಳಿ ಅಡ್ಡ ಬಂತು. ಇನ್ನೊಂದ್ಸಲ.’

ಎರಡನೆಯ ಸಲ ಎಲ್ಲ ಇನ್ನೂ ಜೋರಾಗಿ ನಡೆಯಿತು. ತೆಗೆದಿದೆ, ತೆಗೆದಿದೆ, ನೂರು, ಹಾಕಿದೆ. ಮತ್ತೆರಡು ಸೌದೆ. ಅಕ್ಕ ಈ ಸಲ ಬಾಗಿಲ ಚೌಕಟ್ಟಿಗೆ ಏನೋ ಹೇಳಲು ಹೊರಟಳು. ‘ಚೌಕಟ್ಟಿಗೂ ಇಲ್ಲ’ ಎಂದೆ. ಅವಳು ಮತ್ತೆ ರಟ್ಟಿನ ಕಡೆ ತಿರುಗಿದಳು. ಪಕ್ಕದ ಹೊಲದವರು ನಗು ತಡೆಯಲಾರದೆ ಕೈ ಅಲುಗಿಸಿದ್ದರಿಂದ ಮೂರನೆಯದೂ ಬೇಕಾಯಿತು. ಅದರಲ್ಲಿ ಭಾವ ಕೊನೆಗೆ ಒಂದು ಸಲಾಮನ್ನೂ ಸೇರಿಸಿದರು. ಸೌದೆ ಒಟ್ಟು ಆರು.

ಆಮೇಲೆ, ಹಗ್ಗದ ಕಡೆ ಹೆಜ್ಜೆಯಿಟ್ಟ ಅಕ್ಕನನ್ನು ‘ಮೊದ್ಲು ಕಾಫಿ’ ಎಂದು ಮನೆಯೊಳಕ್ಕೆ ಕಳಿಸಿ, ನಾವು ಮೂವರು ಗಂಡಸರು ಹೊಂಗೆಯ ನೆರಳಿಗೆ ಹೋಗಿ ವಿಡಿಯೋ ನೋಡಿದೆವು. ಸಲಾಮು ಬಂದಾಗ ನಕ್ಕೆವು. ಮತ್ತೆ ಹಾಕಿ ನಕ್ಕೆವು. ಭಾವ ಫೋನನ್ನು ಕಣ್ಣಿಗೆ ಅಂಟಿಸಿಕೊಂಡು, ‘ಏನೇ ಯೋಳು, ನಾನು ವಸಿ ತೂಕವಾಗೇ ಕಾಣ್ತೀನಿ’ ಎಂದರು. ವಿಮಾನದ ಊಟದಲ್ಲಿ ಮುದ್ದೆ ಯಾಕೆ ಕೊಡುವುದಿಲ್ಲ ಎಂದು ಪಕ್ಕದ ಹೊಲದವರು ಕೇಳಿದರು. ನಾನು ಸವಿಸ್ತಾರವಾಗಿ ಉತ್ತರಿಸಿದೆ. ಅಲ್ಲಿಂದ ಮಾತು ಕಾಕ್‌ಪಿಟ್ಟಿಗೆ ಹೊರಳಿತು. ಬಲ್ಬನ್ನು ಉಜ್ಜುತ್ತ ಕೂತ ಪೈಲಟ್‌ಗಳ ಕಥೆಯನ್ನು ಅಭಿನಯಸಹಿತ ಹೇಳಿದೆ. ‘ಅಯ್ಯೋ ಬಡ್ಡೈಕ್ಳಾ, ಇಮಾನ ಬುಟ್ಟು ಬಲ್ಬು ನೋಡ್ಕಂಡ್ ಕೂತಿದ್ರಾ?’ ಎಂದು ಭಾವ ತೊಡೆ ತಟ್ಟಿಕೊಂಡು ನಕ್ಕರು. ನಮ್ಮ ಬೆನ್ನು ಬ್ಯಾರನ್ನಿನ ಕಡೆಗಿತ್ತು.

ಆಗ ಗಾಳಿಯಲ್ಲಿ ಒಂದು ವಾಸನೆ ಬಂತು. ಸೊಪ್ಪಿನ ಸಾರಿಗೆ ಇಟ್ಟ ಎಸರಿನಂಥದು.

ಹಿಂದೆಯೇ ಅಕ್ಕನ ಕೂಗು. ಅದನ್ನು ಅವಳು ಕೋಳಿಗೆ ಹೇಳಲಿಲ್ಲ, ಚೌಕಟ್ಟಿಗೆ ಹೇಳಲಿಲ್ಲ, ಹುದ್ದೆಯನ್ನೂ ಹಿಡಿಯಲಿಲ್ಲ.

‘ಅಯ್ಯೋ ನಿಮ್ ಕಣ್ಗಿಷ್ಟು ಮಣ್ಣಾಕ! ನೂರಾ ಇಪ್ಪತ್ತಾಗದೆ ಕಣ್ರೀ! ನೂರಂತೆ ನೂರು! ಕಿಂಡಿ ತೆಗ್ದೇ ಇಲ್ಲ, ನಿಮ್ಗೆ ಅಗ್ಗವೂ ಕಾಣಲ್ಲ, ಗೂಟವೂ ಕಾಣಲ್ಲ! ಬುಡಿ ಅತ್ಲಾಗೆ!’

ನಾವು ಎದ್ದು ಓಡುವಷ್ಟರಲ್ಲಿ ಅವಳು ಹಗ್ಗಕ್ಕೆ ಜೋತುಬಿದ್ದಿದ್ದಳು. ಮೇಲೆ ಮುಚ್ಚಳ ಧಡಾರನೆ ತೆರೆದು ಬಿಳಿಯ ಹಬೆ ಎದ್ದಿತು. ಭಾವ ಒಲೆಗೆ ಕೈಹಾಕಿ ಕೊಳ್ಳಿಗಳನ್ನು ಹೊರಕ್ಕೆಳೆದರು. ಪಕ್ಕದ ಹೊಲದವರು ಫೋನನ್ನು ಕಚ್ಚಿ ಹಿಡಿದು ಬಕೆಟ್ಟಿನಲ್ಲಿ ನೀರು ತಂದು ಕೊಳ್ಳಿಯ ಮೇಲೂ ಸ್ವಲ್ಪ ನನ್ನ ಮೇಲೂ ಹಾಕಿದರು. ನಾನು ಕೈಯಲ್ಲಿ ರಟ್ಟು ಹಿಡಿದುಕೊಂಡು ನಿಂತಿದ್ದೆ. ಅದರಲ್ಲಿ ಮುಂದೇನು ಮಾಡಬೇಕೆಂದು ಬರೆದಿರಲಿಲ್ಲ.

ಹಬೆ ಇಳಿಯಿತು. ನಲವತ್ತು ವರ್ಷದಲ್ಲಿ ಅಕ್ಕ ಭಾವನಿಗೆ ನೇರವಾಗಿ ಆಡಿದ ಅತಿ ಉದ್ದದ ಮಾತು ಅದು, ಅದೂ ಓರಗೆಯ ಗೆಳೆಯನ ಎದುರಿಗೆ. ಭಾವ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡರು.

‘ಕಣ್ ಕಾಣಲ್ಲ ಅಂತ ಮದ್ಲೇ ಯೋಳ್ಬೋದಾಗಿತ್ತು’ ಎಂದರು.

‘ದಿನಾ ಕೋಳಿಗೆ ಯೋಳ್ತಿರ್ನಿಲ್ವಾ?’

‘ಅದು ಕೇಳುಸ್ತಿತ್ತು. ಕೋಳಿಗೆ ಕಣ್ ಕಾಣಲ್ವೇನೋ ಅನ್ಕಂಡಿದ್ದೆ.’

ನಗು ಅಕ್ಕನ ಹೊಟ್ಟೆಯಿಂದ ಎದ್ದು ಬಂತು. ಭಾವನಿಗೂ ಹತ್ತಿತು. ಪಕ್ಕದ ಹೊಲದವರು ನೆಲದ ಮೇಲೆಯೇ ಕೂತುಬಿಟ್ಟರು. ಒಳಗೆ ಅವಳ ಆ ವರ್ಷದ ಹಟ ಬೇಯುತ್ತಿತ್ತೋ ಉಳಿದಿತ್ತೋ ಇನ್ನೂ ಗೊತ್ತಿಲ್ಲ, ಹೊರಗೆ ನಾವು ನಾಲ್ವರು ಒದ್ದೆಯಾಗಿ, ಕಪ್ಪಾಗಿ, ಉಸಿರು ಸಿಕ್ಕದೆ ನಗುತ್ತಿದ್ದೆವು.

ವಿಮಾನ ಬಿದ್ದರೆ ಕಪ್ಪುಪೆಟ್ಟಿಗೆ ಹುಡುಕುತ್ತಾರೆ. ನಮ್ಮಲ್ಲಿ ಫೋನಿತ್ತು. ಮಧ್ಯಾಹ್ನ ಮತ್ತೆ ವಿಡಿಯೋ ಹಾಕಿದೆವು. ಭಾವನ ತಲೆಯ ಹಿಂದೆ, ಚೌಕಟ್ಟಿನ ನಟ್ಟನಡುವೆ, ಮೂರು ಸಲವೂ ಹಗ್ಗ ನೇತಾಡುತ್ತಿತ್ತು. ಗಾಳಿಗೆ ತುಸು ತೂಗಿಯೂ ಇತ್ತು. ಬೆಳಿಗ್ಗೆ ಗಂಡಸರ ಮೂರು ಜೊತೆ ಕಣ್ಣು ಅದನ್ನು ಐದಾರು ಸಲ ನೋಡಿತ್ತು. ಅದರಲ್ಲಿ ಒಂದು ಜೊತೆಗೆ ಮಾತ್ರ ಪೊರೆ ಇತ್ತು. ವಿಡಿಯೋದಲ್ಲಿ ಸ್ಪಷ್ಟವಾಗಿ ಕೇಳಿಸುವ ಇನ್ನೊಂದು ದನಿ ನನ್ನದು, ‘ಶಿಸ್ತು!’ ಎನ್ನುತ್ತಿದೆ.

ಅಕ್ಕನ ಬಳಿ ಹೋಗಿ, ತಪ್ಪು ನನ್ನದೆಂದೆ. ಅವಳ ಪದ್ಧತಿಯಲ್ಲಿ ಹೇಳಬೇಕಾದುದು ಹೇಳಬೇಕಾದವರಿಗೆ ಮುಟ್ಟುತ್ತಿತ್ತು, ಕೇಳಿದವರ ಮರ್ಯಾದೆಯೂ ಉಳಿಯುತ್ತಿತ್ತು, ನಾನು ಬಂದು ಆ ದಾರಿಯನ್ನೇ ಮುಚ್ಚಿದೆ ಎಂದು ಸಾಕಷ್ಟು ಉದ್ದವಾಗಿ ವಿವರಿಸಿದೆ.

‘ಆಯ್ತು ಬುಡಪ್ಪ,’ ಎಂದಳು. ‘ಪಾಠ ಆಮೇಕ್ ಮಾಡು. ಈಗ ಗಾಜ್ನಾಗೆ ನೋಡಿ ಎಷ್ಟದೆ ಯೋಳು. ನೋಡಿ ಯೋಳು.’

ನೋಡಿ ಹೇಳಿದೆ. ಮುಂದಿನ ಮೂರು ದಿನ ಅದೇ ನನ್ನ ಕೆಲಸವಾಯಿತು. ಅಕ್ಕ ಕೇಳುತ್ತಿದ್ದಳು, ನಾನು ಇಣುಕಿ ಸಂಖ್ಯೆ ಹೇಳುತ್ತಿದ್ದೆ, ಅವಳು ಅದನ್ನು ನಂಬದೆ ತಾನೂ ಇಣುಕುತ್ತಿದ್ದಳು, ಆಮೇಲೆ ಭಾವ ಒಲೆ ನೋಡಿಕೊಳ್ಳುತ್ತಿದ್ದರು. ‘ನಾ ಯೋಳ್ನಿಲ್ವಾ’ ಎಂಬ ಮಾತನ್ನು ಅವರು ಆಡಲಿಲ್ಲ. ಆಡುವ ಸ್ಥಿತಿಯಲ್ಲಿರಲಿಲ್ಲ ಎನ್ನುವುದು ಸರಿ. ಆರನೆಯ ದಿನ ಬೆಳಿಗ್ಗೆ ಬ್ಯಾರನ್ ತಣ್ಣಗಾಯಿತು. ಬಾಗಿಲು ತೆಗೆದು ಅಕ್ಕನೇ ಮೊದಲು ಒಳಗೆ ಹೋದಳು.

ಮೇಲಿನ ಎರಡು ಅಂತಸ್ತಿನ ಸೊಪ್ಪು ಕಪ್ಪಾಗಿತ್ತು. ಉಳಿದ ಮೂರು ಅಂತಸ್ತು ಹಳದಿಯಾಗಿ ಇಳಿಯಿತು. ಮುಂದಿನ ತಿಂಗಳು ಮೈಸೂರಿನಲ್ಲಿ ಭಾವನ ಎರಡೂ ಕಣ್ಣಿನ ಪೊರೆ ತೆಗೆಸಿದರು. ಈ ವರ್ಷವೂ ಅಕ್ಕನ ಎರಡೆಕರೆಯಲ್ಲಿ ಹೊಗೆಸೊಪ್ಪು ನೆಟ್ಟಿದ್ದಾರೆ.